ಬೂದಿ ಮುಚ್ಚಿದ ಕೆಂಡ: ಉರಿಯೂತ ಮತ್ತು ಸ್ತನ ಕ್ಯಾನ್ಸರ್



ಖೋ-ಖೋ ಆಡುವಾಗ ಬಿದ್ದು ಮೊಣಕಾಲು ತರಚಿಕೊಳ್ಳದವರು ನಿಮ್ಮಲ್ಲಿ ಯಾರಿದ್ದೀರಿ? ಬಿದ್ದ ಸ್ವಲ್ಪ ಹೊತ್ತಿಗೆ ಗಾಯದ ಸುತ್ತ ಚರ್ಮ ಕೆಂಪಾಗುತ್ತದೆ. ಮುಟ್ಟಿದರೆ ಬಿಸಿ ಎನಿಸುತ್ತದೆ. ಸಂಜೆಯ ವೇಳೆಗೆ ಊದಿಕೊಂಡು ನೋಯುತ್ತದೆ. ಎಂಟು ಹತ್ತು ದಿನ ಕಳೆಯುವಷ್ಟರಲ್ಲಿ ಹಕ್ಕಳೆ ಉದುರಿ, ಕೆಳಗೆ ಹೊಸ ಚರ್ಮ ಕಾಣುತ್ತದೆ. ಆಗ ಕೆಂಪೂ ಇಲ್ಲ, ಬಿಸಿಯೂ ಇಲ್ಲ, ನೋವೂ ಇಲ್ಲ.

ಮುದ್ದೇನಹಳ್ಳಿಯಲ್ಲಿ ಏಳನೆಯ ತರಗತಿಗೆ ಈ ವಿಷಯ ಹೇಳಿ ಮುಗಿಸಿದ್ದೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಒಬ್ಬಳು ಹುಡುಗಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮಿಸ್, ನಮ್ಮಜ್ಜಿಗೆ ಎದೆಯಲ್ಲಿ ಒಂದು ಗಂಟಿತ್ತು. ಅದು ಕೆಂಪಾಗಿರಲಿಲ್ಲ, ನೋಯುತ್ತಲೂ ಇರಲಿಲ್ಲ. ನೋವಿಲ್ಲವಲ್ಲ ಅಂತ ಅಜ್ಜಿ ಯಾರಿಗೂ ಹೇಳಲಿಲ್ಲ. ತುಂಬ ದಿನ ಆದಮೇಲೆ ಕ್ಯಾನ್ಸರ್ ಅಂದರು. ಇಷ್ಟು ಸಣ್ಣ ಗಾಯ ಇಷ್ಟೊಂದು ನೋಯುತ್ತೆ. ಅಷ್ಟು ದೊಡ್ಡ ಕಾಯಿಲೆ ಯಾಕೆ ನೋಯಲಿಲ್ಲ?"

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಅದಕ್ಕೆ ಉತ್ತರ ಹುಡುಕುತ್ತ ಹೋದರೆ ನಮ್ಮ ದೇಹದೊಳಗಿನ ಒಂದು ದೊಡ್ಡ ವ್ಯವಸ್ಥೆಯ ಪರಿಚಯವಾಗುತ್ತದೆ. ಬನ್ನಿ, ಒಂದೊಂದಾಗಿ ತಿಳಿಯೋಣ.

ಉರಿಯೂತ ಎಂದರೇನು?

ಗಾಯವಾದಾಗ ಆಗುವ ಕೆಂಪು, ಬಿಸಿ, ಊತ ಮತ್ತು ನೋವು, ಈ ನಾಲ್ಕು ಲಕ್ಷಣಗಳು ಸೇರಿದರೆ ಅದು 'ಉರಿಯೂತ'. ಉರಿ ಮತ್ತು ಊತ ಎರಡೂ ಆ ಪದದಲ್ಲೇ ಇವೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬ ಲೇಖಕ ಈ ನಾಲ್ಕು ಲಕ್ಷಣಗಳನ್ನು ಬರೆದಿಟ್ಟಿದ್ದಾನೆ.

ಉರಿಯೂತ ಒಂದು ರೋಗವೆಂದು ತಿಳಿಯಬೇಡಿ. ಅದು ದೇಹ ಮಾಡುವ ದುರಸ್ತಿ ಕೆಲಸ. ಗಾಯದ ಜಾಗದಲ್ಲಿ ರಕ್ತನಾಳಗಳು ಹಿಗ್ಗುತ್ತವೆ. ಹೆಚ್ಚು ರಕ್ತ ಹರಿದು ಬರುವುದರಿಂದ ಚರ್ಮ ಕೆಂಪಾಗಿ ಬಿಸಿಯಾಗುತ್ತದೆ. ನಾಳಗಳಿಂದ ದ್ರವ ಹೊರಗೆ ಜಿನುಗುವುದರಿಂದ ಊತ ಬರುತ್ತದೆ. ಬಿಳಿ ರಕ್ತಕಣಗಳು ನಾಳದ ಗೋಡೆಯ ಸಂದಿಯಲ್ಲಿ ನುಸುಳಿ ಹೊರಬಂದು ರೋಗಾಣುಗಳನ್ನು ನುಂಗುತ್ತವೆ, ಸತ್ತ ಜೀವಕೋಶಗಳನ್ನು ಗುಡಿಸಿ ಹಾಕುತ್ತವೆ. ಆಮೇಲೆ ಹೊಸ ಜೀವಕೋಶಗಳು ಬೆಳೆದು ಗಾಯ ಮುಚ್ಚುತ್ತದೆ.

ಆದರೆ ಬಿಳಿ ರಕ್ತಕಣಗಳಿಗೆ ಕಣ್ಣಿಲ್ಲ, ಕಿವಿಯಿಲ್ಲ. ನಿಮ್ಮ ಮೊಣಕಾಲಿನಲ್ಲೇ ಗಾಯವಾಗಿದೆ ಎಂದು ಅವಕ್ಕೆ ತಿಳಿದದ್ದು ಹೇಗೆ?

ಕರೆ ಕಳಿಸುವ ಪ್ರೋಟೀನುಗಳು

ಗಾಯಗೊಂಡ ಜಾಗದ ಜೀವಕೋಶಗಳು ಮತ್ತು ಅಲ್ಲೇ ಕಾವಲಿರುವ ಭಕ್ಷಕ ಕೋಶಗಳು ಕೆಲವು ಸಣ್ಣ ಪ್ರೋಟೀನುಗಳನ್ನು ತಯಾರಿಸಿ ಹೊರಗೆ ಬಿಡುತ್ತವೆ. ಇವುಗಳಿಗೆ 'ಸೈಟೋಕೈನ್'ಗಳು ಎಂದು ಹೆಸರು. ಇವನ್ನು ಊರಿನಲ್ಲಿ ಡಂಗುರ ಹೊಡೆಯುವವರಿಗೆ ಹೋಲಿಸಬಹುದು. "ಇಲ್ಲಿ ತೊಂದರೆಯಾಗಿದೆ, ಬನ್ನಿ" ಎಂಬುದೇ ಅವು ಸಾರುವ ಸುದ್ದಿ.

ಇವುಗಳಲ್ಲಿ ಎರಡರ ಹೆಸರನ್ನು ನೆನಪಿಡಿ. ಒಂದು ಇಂಟರ್‌ಲ್ಯೂಕಿನ್-6. ಇದು 184 ಅಮೈನೊ ಆಮ್ಲಗಳು ಮಣಿಸರದಂತೆ ಪೋಣಿಸಿಕೊಂಡು ಆದ ಪ್ರೋಟೀನು. ಇದು ರಕ್ತದಲ್ಲಿ ದೂರದವರೆಗೂ ಹೋಗಬಲ್ಲದು. ನಿಮಗೆ ಸೋಂಕಾದಾಗ ಜ್ವರ ಬರುವಂತೆ ಮಿದುಳಿಗೆ ಸುದ್ದಿ ಮುಟ್ಟಿಸುವುದರಲ್ಲಿ ಇದರ ಪಾಲೂ ಇದೆ.

ಇನ್ನೊಂದು ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಅಂದರೆ 'ಗಡ್ಡೆಯನ್ನು ಸಾಯಿಸುವ ಅಂಶ'. ಚಿಕ್ಕದಾಗಿ ಟಿಎನ್‌ಎಫ್ ಎನ್ನುತ್ತಾರೆ. 1975ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳ ಗಡ್ಡೆ ಇದರಿಂದ ಸಾಯುವುದನ್ನು ಕಂಡು ಈ ಹೆಸರಿಟ್ಟರು. ಈ ಹೆಸರನ್ನು ಮರೆಯಬೇಡಿ, ಮುಂದೆ ಒಂದು ಆಶ್ಚರ್ಯ ಕಾದಿದೆ.

ಸೈಟೋಕೈನ್ ಬಂದು ತಲುಪುವ ಜೀವಕೋಶದ ಮೇಲೆ 'ಗ್ರಾಹಕ' ಎಂಬ ಪ್ರೋಟೀನು ಇರುತ್ತದೆ. ಬೀಗಕ್ಕೆ ತಕ್ಕ ಕೀಲಿ ಇದ್ದ ಹಾಗೆ ಒಂದೊಂದು ಸೈಟೋಕೈನಿಗೂ ತಕ್ಕ ಗ್ರಾಹಕವಿದೆ. ಎರಡೂ ಕೂಡಿಕೊಂಡರೆ ಸುದ್ದಿ ಜೀವಕೋಶದ ಒಳಗೆ ಹೋಗಿ ಕೋಶಕೇಂದ್ರವನ್ನು ಮುಟ್ಟುತ್ತದೆ. ಅಲ್ಲಿರುವ ಡಿಎನ್‌ಎಯಲ್ಲಿ ಬೇಕಾದ ವಂಶವಾಹಿಗಳು ಕೆಲಸ ಆರಂಭಿಸುತ್ತವೆ.

ತಾನಾಗಿ ಮುಚ್ಚುವ ಬಾಗಿಲು

ಕರೆಯುವುದು ಎಷ್ಟು ಮುಖ್ಯವೋ, ಸಾಕು ಎನ್ನುವುದೂ ಅಷ್ಟೇ ಮುಖ್ಯ. ಇದನ್ನು ಅರ್ಥ ಮಾಡಿಕೊಳ್ಳಲು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯೋಣ. ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದ ಕೋಡಿಗೆ ಜೋಡಿಸಲಾಯಿತು. ನೀರು ಗೊತ್ತಾದ ಮಟ್ಟ ದಾಟಿ ಏರಿದರೆ ಬಾಗಿಲು ತಾನಾಗಿ ತೆರೆಯುತ್ತದೆ. ನೀರು ಇಳಿದರೆ ತಾನಾಗಿ ಮುಚ್ಚುತ್ತದೆ. ತೆರೆಯುವುದೂ ನೀರಿನಿಂದಲೇ, ಮುಚ್ಚುವುದೂ ನೀರಿನಿಂದಲೇ.

ನಮ್ಮ ಜೀವಕೋಶದಲ್ಲೂ ಇಂಥದೊಂದು ಏರ್ಪಾಡಿದೆ. ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಉರಿಯೂತದ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಸಾಮಾನ್ಯ ಸಮಯದಲ್ಲಿ ಒಂದು 'ತಡೆ ಪ್ರೋಟೀನು' ಅದನ್ನು ಹಿಡಿದಿಟ್ಟಿರುತ್ತದೆ. ಟಿಎನ್‌ಎಫ್‌ನಂತಹ ಕರೆ ಬಂದಾಗ ಆ ತಡೆ ಪ್ರೋಟೀನು ನಾಶವಾಗುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ಹೋಗಿ ಇಂಟರ್‌ಲ್ಯೂಕಿನ್-6 ಮುಂತಾದವುಗಳ ತಯಾರಿಕೆಗೆ ಆಜ್ಞೆ ಕೊಡುತ್ತದೆ. ಅದರ ಜೊತೆಯಲ್ಲೇ ತನ್ನನ್ನು ಕಟ್ಟಿಹಾಕುವ ತಡೆ ಪ್ರೋಟೀನನ್ನೂ ತಯಾರಿಸಲು ಹೇಳುತ್ತದೆ! ಹೊಸ ತಡೆ ಪ್ರೋಟೀನು ಬಂದು ಅದನ್ನು ಮತ್ತೆ ಹಿಡಿಯುತ್ತದೆ. ಹೊಸ ಕರೆ ಬರದಿದ್ದರೆ ಬಾಗಿಲು ಮುಚ್ಚಿದಂತೆ. ನಿಮ್ಮ ಮೊಣಕಾಲಿನ ಊತ ಇಳಿದದ್ದರ ಹಿಂದೆ ಇಂತಹ ಏರ್ಪಾಡುಗಳಿವೆ.

ನಿಮಗೆ ಗೊತ್ತೇ?

1986 ಈ ವಿಷಯದಲ್ಲಿ ಒಂದು ವಿಶೇಷ ವರ್ಷ. ಆ ವರ್ಷ ಜಪಾನಿನ ಒಸಾಕಾದ ವಿಜ್ಞಾನಿಗಳು ಇಂಟರ್‌ಲ್ಯೂಕಿನ್-6ರ ವಂಶವಾಹಿಯನ್ನು ಗುರುತಿಸಿದರು. ಅದೇ ವರ್ಷ ಅಮೆರಿಕದಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಎನ್‌ಎಫ್-ಕಪ್ಪಾ-ಬಿಯನ್ನು ಕಂಡುಹಿಡಿದರು. ಅದೇ ವರ್ಷ ಹೆರಾಲ್ಡ್ ಡ್ವೊರಾಕ್ ಎಂಬ ವೈದ್ಯ ವಿಜ್ಞಾನಿ ಕ್ಯಾನ್ಸರ್ ಗಡ್ಡೆಯನ್ನು ಎಂದೂ ವಾಸಿಯಾಗದ ಗಾಯಕ್ಕೆ ಹೋಲಿಸಿ ಬರೆದರು.

ಸ್ತನದಲ್ಲಿ ಕ್ಯಾನ್ಸರ್ ಹೇಗೆ ಆರಂಭವಾಗುತ್ತದೆ?

ಸ್ತನ ನಮ್ಮ ದೇಹದ ಒಂದು ಅಂಗ. ಕೈ, ಕಾಲು, ಹೃದಯ ಎನ್ನುವ ಹಾಗೆಯೇ ಅದರ ಹೆಸರನ್ನೂ ಹೇಳಬಹುದು, ನಾಚಿಕೆ ಬೇಡ. ಅದರಲ್ಲಿ ಹಾಲು ತಯಾರಿಸುವ ಗ್ರಂಥಿಗಳು, ಹಾಲು ಹರಿಯುವ ಸಣ್ಣ ನಾಳಗಳು ಮತ್ತು ಸುತ್ತಲೂ ಕೊಬ್ಬು ಇರುತ್ತವೆ.

ಸ್ತನ ಕ್ಯಾನ್ಸರ್ ಹೆಚ್ಚಾಗಿ ಹಾಲಿನ ನಾಳದ ಒಳಗೋಡೆಯ ಒಂದು ಜೀವಕೋಶದಲ್ಲಿ ಆರಂಭವಾಗುತ್ತದೆ. ಅದರ ಡಿಎನ್‌ಎಯಲ್ಲಿ ತಪ್ಪುಗಳು ಸೇರಿ ಸೇರಿ, ಯಾವಾಗ ನಿಲ್ಲಬೇಕು ಎಂಬುದನ್ನೇ ಆ ಜೀವಕೋಶ ಮರೆಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗುತ್ತದೆ. ಮುಂದೆ ಅದು ಗಂಟಾಗುತ್ತದೆ. ವಯಸ್ಸು, ಹುಟ್ಟಿನಿಂದ ಬಂದ ಕೆಲವು ವಂಶವಾಹಿಗಳು, ಹಾರ್ಮೋನುಗಳು, ಹೀಗೆ ಇದಕ್ಕೆ ಹಲವು ಕಾರಣಗಳಿವೆ. ಉರಿಯೂತ ಒಂದೇ ಕಾರಣವಲ್ಲ.

ಆದರೆ ಒಂದು ಕೆಟ್ಟ ಜೀವಕೋಶ ಒಂಟಿಯಾಗಿ ಗಡ್ಡೆಯಾಗಲಾರದು. ಅದಕ್ಕೆ ಆಹಾರ ಬೇಕು, ಆಮ್ಲಜನಕ ಬೇಕು, ಜಾಗ ಬೇಕು. ಅವನ್ನು ಯಾರು ಕೊಡುತ್ತಾರೆ? ಇಲ್ಲಿಯೇ ನಮ್ಮ ಕರೆಯ ಪ್ರೋಟೀನುಗಳು ಮತ್ತೆ ಬರುತ್ತವೆ.

ಕರೆ ನಿಲ್ಲದಿದ್ದರೆ?

1863ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ಕ್ಯಾನ್ಸರ್ ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರ ತುಂಬ ಬಿಳಿ ರಕ್ತಕಣಗಳು ಕಂಡವು. ಗಾಯವೇ ಇಲ್ಲದ ಕಡೆ ಇವು ಏಕೆ ಬಂದವು? ಉರಿಯೂತಕ್ಕೂ ಕ್ಯಾನ್ಸರಿಗೂ ಸಂಬಂಧವಿದೆ ಎಂದು ಅವರು ಊಹಿಸಿದರು. ಆ ಊಹೆಯನ್ನು ವಿವರಿಸಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಅನೇಕ ಸ್ತನ ಕ್ಯಾನ್ಸರುಗಳಲ್ಲಿ ಗಡ್ಡೆಯ ಜೀವಕೋಶಗಳು ತಾವೇ ಸೈಟೋಕೈನ್‌ಗಳನ್ನು ಬಿಡುತ್ತವೆ. ಗಾಯವಿಲ್ಲದಿದ್ದರೂ ಡಂಗುರ! ಕರೆ ಕೇಳಿ ಭಕ್ಷಕ ಕೋಶಗಳು ಬರುತ್ತವೆ. ಅಲ್ಲಿ ಅವು ಗಾಯ ವಾಸಿ ಮಾಡುವಾಗ ಮಾಡುವ ಕೆಲಸವನ್ನೇ ಮಾಡತೊಡಗುತ್ತವೆ. ಪಾಪ, ಅವಕ್ಕೆ ಮೋಸ ತಿಳಿಯದು. ಇದರ ಪರಿಣಾಮಗಳು ಹೀಗಿವೆ:

1. ಇಂಟರ್‌ಲ್ಯೂಕಿನ್-6 ಕ್ಯಾನ್ಸರ್ ಜೀವಕೋಶಕ್ಕೇ ಅಂಟಿಕೊಂಡು "ಬೆಳೆ, ಒಡೆ, ಸಾಯಬೇಡ" ಎಂಬ ಸುದ್ದಿ ಕೊಡುತ್ತದೆ.

2. ಗಾಯದಲ್ಲಿ ಆಗುವಂತೆಯೇ ಹೊಸ ರಕ್ತನಾಳಗಳು ಬೆಳೆಯುತ್ತವೆ. ಆದರೆ ಅವು ತಂದುಕೊಡುವ ಆಹಾರ ಗಡ್ಡೆಗೆ ಸಿಗುತ್ತದೆ.

3. ಭಕ್ಷಕ ಕೋಶಗಳು ಅಕ್ಕಪಕ್ಕದ ಅಂಗಾಂಶವನ್ನು ಸಡಿಲಗೊಳಿಸುತ್ತವೆ. ಆ ದಾರಿಯಲ್ಲಿ ಕ್ಯಾನ್ಸರ್ ಜೀವಕೋಶಗಳು ರಕ್ತನಾಳ ಸೇರಿ ಮೂಳೆ, ಶ್ವಾಸಕೋಶ, ಯಕೃತ್ತುಗಳಿಗೆ ಹರಡಬಹುದು.

4. ಕ್ಯಾನ್ಸರನ್ನು ಕೊಲ್ಲಬಲ್ಲ ಬೇರೆ ಬಗೆಯ ಬಿಳಿ ರಕ್ತಕಣಗಳೂ ನಮ್ಮಲ್ಲಿವೆ. ಗಡ್ಡೆಯ ವಶಕ್ಕೆ ಬಂದ ಕೋಶಗಳು ಅವುಗಳ ಕೈ ಕಟ್ಟಿಹಾಕುತ್ತವೆ.

ಟಿಎನ್‌ಎಫ್‌ನ ಆಶ್ಚರ್ಯವೂ ಇಲ್ಲೇ ಇದೆ. ಹೆಚ್ಚು ಪ್ರಮಾಣದಲ್ಲಿ ಒಮ್ಮೆಲೇ ಬಂದರೆ ಅದು ಗಡ್ಡೆಯನ್ನು ಕೊಲ್ಲಬಲ್ಲದು. ಆದರೆ ಗಡ್ಡೆಯೊಳಗೆ ಸ್ವಲ್ಪ ಸ್ವಲ್ಪವೇ ಸದಾ ಜಿನುಗುತ್ತಿದ್ದರೆ ಎನ್‌ಎಫ್-ಕಪ್ಪಾ-ಬಿಯ ಬಾಗಿಲು ಮುಚ್ಚುವುದೇ ಇಲ್ಲ. ಗಡ್ಡೆ ಕೊಲ್ಲುವವನೆಂದು ಹೆಸರಿಟ್ಟುಕೊಂಡದ್ದೇ ಗಡ್ಡೆಗೆ ನೆರವಾಗುತ್ತದೆ! ಒಂದು ಪ್ರೋಟೀನನ್ನು ಒಳ್ಳೆಯದು, ಕೆಟ್ಟದ್ದು ಎಂದು ಹೇಳುವಂತಿಲ್ಲ. ಎಷ್ಟು, ಎಲ್ಲಿ, ಎಷ್ಟು ಕಾಲ ಎಂಬುದನ್ನು ನೋಡಬೇಕು.

ಕೊಬ್ಬಿನ ಸುತ್ತ ಕಿರೀಟ

ಕರೆ ಕೆಲವೊಮ್ಮೆ ಕೊಬ್ಬಿನಿಂದಲೂ ಬರುತ್ತದೆ. ದೇಹದ ತೂಕ ತುಂಬ ಹೆಚ್ಚಾದಾಗ ಕೊಬ್ಬಿನ ಜೀವಕೋಶಗಳು ಉಬ್ಬುತ್ತವೆ, ಕೆಲವು ಸಾಯುತ್ತವೆ. ಸತ್ತ ಕೊಬ್ಬಿನ ಕೋಶದ ಸುತ್ತ ಭಕ್ಷಕ ಕೋಶಗಳು ಗುಂಡಗೆ ಸೇರುತ್ತವೆ. ಸೂಕ್ಷ್ಮದರ್ಶಕದಲ್ಲಿ ಇದು ಕಿರೀಟದಂತೆ ಕಾಣುತ್ತದೆ. ಈ ಕೋಶಗಳು ಬಿಡುವ ಸೈಟೋಕೈನ್‌ಗಳು ಕೊಬ್ಬಿನಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನಿನ ತಯಾರಿಕೆಯನ್ನು ಹೆಚ್ಚಿಸುತ್ತವೆ. ಅನೇಕ ಸ್ತನ ಕ್ಯಾನ್ಸರುಗಳಿಗೆ ಈಸ್ಟ್ರೋಜನ್ ಗೊಬ್ಬರವಿದ್ದಂತೆ. ಮುಟ್ಟು ನಿಂತ ವಯಸ್ಸಿನ ಮಹಿಳೆಯರಲ್ಲಿ ಅತಿತೂಕ ಇದ್ದರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚು ಎಂಬುದಕ್ಕೆ ಇದೊಂದು ಕಾರಣ. ದಿನವೂ ಮೈ ಬಗ್ಗಿಸಿ ದುಡಿಯುವುದು, ನಡೆಯುವುದು, ಆಡುವುದು, ಮಗುವಿಗೆ ಎದೆಹಾಲು ಕುಡಿಸುವುದು, ಮದ್ಯ ಮುಟ್ಟದಿರುವುದು ಅಪಾಯವನ್ನು ತಗ್ಗಿಸುತ್ತವೆ. ತೆಳ್ಳಗಿರುವವರಿಗೆ ಬರುವುದೇ ಇಲ್ಲ ಎಂದು ಮಾತ್ರ ತಿಳಿಯಬೇಡಿ.

ಅಜ್ಜಿಯ ಗಂಟು ಏಕೆ ನೋಯಲಿಲ್ಲ?

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಮೊಣಕಾಲಿನ ಉರಿಯೂತ ಧಗಧಗ ಉರಿಯುವ ಬೆಂಕಿ. ಎಲ್ಲರಿಗೂ ಕಾಣುತ್ತದೆ, ಬೇಗ ಆರುತ್ತದೆ. ಗಡ್ಡೆಯೊಳಗಿನ ಉರಿಯೂತ ಬೂದಿ ಮುಚ್ಚಿದ ಕೆಂಡ. ಕರೆ ಸಣ್ಣದು, ಆದರೆ ನಿಲ್ಲುವುದಿಲ್ಲ. ಚರ್ಮದವರೆಗೆ ಕೆಂಪು, ಬಿಸಿ ಬರುವಷ್ಟು ಅದು ದೊಡ್ಡದಲ್ಲ. ಆರಂಭದಲ್ಲಿ ಗಂಟು ನರಗಳನ್ನು ಒತ್ತುವುದೂ ಅಪರೂಪ. ಆದ್ದರಿಂದ ಹೆಚ್ಚಿನ ಸ್ತನ ಕ್ಯಾನ್ಸರುಗಳು ಮೊದಮೊದಲು ನೋಯುವುದಿಲ್ಲ.

ನೋವಿಲ್ಲದ ಕಾರಣ ಅಜ್ಜಿ ಸುಮ್ಮನಿದ್ದರು. ಅದರಲ್ಲಿ ಅಜ್ಜಿಯ ತಪ್ಪಿಲ್ಲ. ನೋವಿಲ್ಲದ ಗಂಟನ್ನೂ ತೋರಿಸಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅರಿಶಿನ ಹಚ್ಚಿದರೆ ಸಾಲದೇ?

ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಮನೆಗಳ ಪದ್ಧತಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿಯನ್ನು ತಗ್ಗಿಸುವುದು ನಿಜ. ಆದರೆ ನಾವು ತಿಂದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅರಿಶಿನದಿಂದ ಸ್ತನ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನಲು ಪುರಾವೆಯಿಲ್ಲ. ಗಾಜಿನ ತಟ್ಟೆಯಲ್ಲಿ ನಡೆದದ್ದೆಲ್ಲ ದೇಹದಲ್ಲಿ ನಡೆಯುವುದಿಲ್ಲ. ಪಟ್ಟು ಹಾಕಿಕೊಂಡು ಕಾಯುತ್ತ ಕುಳಿತರೆ ಆ ತಿಂಗಳುಗಳಲ್ಲಿ ಗಡ್ಡೆ ಬೆಳೆಯುತ್ತದೆ.

ಹಾಗಾದರೆ ಕರೆಯನ್ನೇ ತಡೆಯುವ ಔಷಧ ಇಲ್ಲವೇ? ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನು ಮುಚ್ಚುವ ಔಷಧವನ್ನು ವೈದ್ಯರು ಕೀಲುವಾತಕ್ಕೆ ಬಳಸುತ್ತಾರೆ. ಇಂತಹ ಔಷಧಗಳು ಕ್ಯಾನ್ಸರಿನಲ್ಲೂ ನೆರವಾಗುತ್ತವೆಯೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ. ಕೆಲಸ ಸುಲಭವಲ್ಲ. ಕರೆಯನ್ನು ಪೂರ್ತಿ ನಿಲ್ಲಿಸಿದರೆ ಸೋಂಕಿನ ವಿರುದ್ಧ ಹೋರಾಡುವವರು ಯಾರು? ಸದ್ಯಕ್ಕೆ ಶಸ್ತ್ರಚಿಕಿತ್ಸೆ, ವಿಕಿರಣ, ಕ್ಯಾನ್ಸರ್ ಔಷಧಗಳು, ಹಾರ್ಮೋನ್ ತಡೆಯುವ ಮಾತ್ರೆಗಳು ಮುಖ್ಯ ಚಿಕಿತ್ಸೆ. ಬೇಗ ಬಂದರೆ ಇವುಗಳಿಂದ ಬಹಳ ಮಂದಿ ಗುಣವಾಗುತ್ತಾರೆ.

ನಮ್ಮ ನಾಡಿನಲ್ಲಿ

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಆರಂಭವಾಯಿತು. 1982ರಿಂದ ಅದು ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ದಾಖಲಿಸುತ್ತ ಬಂದಿದೆ. ಮೊದಲು ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು. ಈಗ ಸ್ತನ ಕ್ಯಾನ್ಸರ್ ಮುಂದಿದೆ. 2022ರ ಅಂದಾಜಿನಂತೆ ಇಡೀ ಭಾರತದಲ್ಲಿ ಒಂದೇ ವರ್ಷ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಇದು ಹೊಸದಾಗಿ ಕಂಡುಬಂದಿದೆ. ಗಂಡಸರಿಗೂ ಅಪರೂಪಕ್ಕೆ ಬರುತ್ತದೆ.

ಭರವಸೆಯ ಸಂಗತಿಯೂ ಇದೆ. ಮುಂಬೈಯಲ್ಲಿ 1998ರಿಂದ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಸೇರಿಸಿಕೊಂಡು ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದು ಅಧ್ಯಯನ ನಡೆಸಿದರು. ಅರ್ಧದಷ್ಟು ಮಹಿಳೆಯರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ದೊಡ್ಡ ಯಂತ್ರವೇನೂ ಇರಲಿಲ್ಲ. ಅವರಲ್ಲಿ ಕ್ಯಾನ್ಸರ್ ಬೇಗನೆ ಪತ್ತೆಯಾಯಿತು. 50 ದಾಟಿದ ಮಹಿಳೆಯರಲ್ಲಿ ಸಾವು ಶೇಕಡ 30ರ ಸಮೀಪ ಕಡಿಮೆಯಾಯಿತು. ಈ ಫಲಿತಾಂಶ 2021ರಲ್ಲಿ ಪ್ರಕಟವಾಯಿತು.

ನಿಮ್ಮ ಮನೆಯಲ್ಲಿ ಇದನ್ನು ಹೇಳಿ

* ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು ಸಿಕ್ಕರೆ, ನೋವಿಲ್ಲದಿದ್ದರೂ, ವೈದ್ಯರಿಗೆ ತೋರಿಸಬೇಕು.
* ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾದರೆ, ತೊಟ್ಟು ಒಳಗೆ ಎಳೆದುಕೊಂಡರೆ, ತೊಟ್ಟಿನಿಂದ ರಕ್ತ ಬಂದರೆ ತೋರಿಸಬೇಕು.
* ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಯಾವುದು ಹೌದು, ಯಾವುದು ಅಲ್ಲ ಎಂದು ಪರೀಕ್ಷೆಯಿಂದಲೇ ತಿಳಿಯಬೇಕು.
* 30 ದಾಟಿದ ಮಹಿಳೆಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ಪರೀಕ್ಷೆಯ ಕಾರ್ಯಕ್ರಮವಿದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.
* ಕ್ಯಾನ್ಸರ್ ಅಂಟುರೋಗವಲ್ಲ. ಕಾಯಿಲೆಯಾದವರ ಜೊತೆ ಕುಳಿತು ಊಟ ಮಾಡಬಹುದು, ಅವರ ಕೈ ಹಿಡಿಯಬಹುದು.
* ಬಿದ್ದ ಗಾಯದಿಂದ, ಎದೆಗೆ ತಗುಲಿದ ಪೆಟ್ಟಿನಿಂದ ಸ್ತನ ಕ್ಯಾನ್ಸರ್ ಬರುವುದಿಲ್ಲ. ಧೈರ್ಯವಾಗಿ ಆಟವಾಡಿ.

ಆಡಿ ತಿಳಿಯಿರಿ

ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದು ಸಣ್ಣ ವೃತ್ತ ಬರೆಯಿರಿ. ಒಳಗೆ 10 ಕಲ್ಲು ಇಡಿ. ಅವೇ ರೋಗಾಣುಗಳು. ಒಬ್ಬರು ವೃತ್ತದಲ್ಲಿ ನಿಂತು ಚಪ್ಪಾಳೆ ತಟ್ಟಲಿ. ಅದೇ ಸೈಟೋಕೈನ್. ಒಂದು ಚಪ್ಪಾಳೆಗೆ ಇಬ್ಬರು 'ಬಿಳಿ ರಕ್ತಕಣಗಳು' ಒಳಗೆ ಬಂದು ಒಂದೊಂದು ಕಲ್ಲು ಎತ್ತಿಕೊಳ್ಳಲಿ. ಇನ್ನೊಬ್ಬರು 'ತಡೆ ಪ್ರೋಟೀನು'. ಕಲ್ಲು ಮುಗಿದ ಕೂಡಲೇ ಅವರು "ಸಾಕು" ಎನ್ನಲಿ. ಚಪ್ಪಾಳೆ ನಿಲ್ಲಲಿ, ಎಲ್ಲರೂ ಹಿಂದಿರುಗಲಿ.

ಎರಡನೆಯ ಸಲ "ಸಾಕು" ಎನ್ನುವವರನ್ನು ಕೂರಿಸಿ. ಚಪ್ಪಾಳೆ ನಡೆಯುತ್ತಲೇ ಇರಲಿ. ವೃತ್ತದೊಳಗೆ ಏನಾಯಿತು? ಗೆರೆ ಉಳಿಯಿತೇ? ಬರೆಯಿರಿ.

ಯೋಚಿಸಿ ಉತ್ತರಿಸಿ

1. ಉರಿಯೂತದ ನಾಲ್ಕು ಲಕ್ಷಣಗಳು ಯಾವುವು? ಒಂದೊಂದಕ್ಕೂ ಕಾರಣ ಬರೆಯಿರಿ.
2. ಎನ್‌ಎಫ್-ಕಪ್ಪಾ-ಬಿಯನ್ನು ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಬಾಗಿಲಿಗೆ ಹೋಲಿಸಿದ್ದೇಕೆ?
3. ಟಿಎನ್‌ಎಫ್ ಗಡ್ಡೆಯನ್ನು ಕೊಲ್ಲುವುದೂ ಉಂಟು, ಬೆಳೆಸುವುದೂ ಉಂಟು. ಹೇಗೆ?
4. "ನೋವಿಲ್ಲ, ಹಾಗಾಗಿ ಚಿಂತೆಯಿಲ್ಲ" ಎಂದು ನಿಮ್ಮ ಚಿಕ್ಕಮ್ಮ ಹೇಳಿದರೆ ನೀವು ಏನು ಹೇಳುತ್ತೀರಿ?
5. ಮುಂದಿನ ಸಲ ಮೊಣಕಾಲು ತರಚಿದರೆ ಸೋಪು ನೀರಿನಲ್ಲಿ ತೊಳೆದ ಮೇಲೆ ಕೆಂಪು, ಬಿಸಿ, ಊತ, ನೋವು ಎಂದು ನಾಲ್ಕು ಕಾಲಂ ಬರೆದು, 7 ದಿನ ಗುರುತು ಹಾಕಿ. ಯಾವುದು ಮೊದಲು ಹೋಯಿತು?

ಆ ಹುಡುಗಿ ಈ ಉತ್ತರ ಕೇಳಿದ ಮೇಲೆ ಇನ್ನೊಂದು ಮಾತು ಕೇಳಿದಳು: "ಹಾಗಾದರೆ ಅಮ್ಮನಿಗೆ ಹೇಳಲಾ ಮಿಸ್?" ಹೇಳು ಎಂದೆ. ನೀವೂ ಹೇಳಿ. ಈ ಪುಟವನ್ನು ಇವತ್ತು ಮನೆಗೆ ಒಯ್ದು ಅಮ್ಮನಿಗೆ, ಅಜ್ಜಿಗೆ, ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿ.